ಹೇಳೋರು ಕೇಳೋರು ಇರುವ ಪೊಲೀಸ್

ಠಾಣೆಯಲ್ಲಿ ಪೊಲೀಸರೊಬ್ಬರು ಕಪಾಳಕ್ಕೆ ಬಾರಿಸಿದರು ಎಂದಿಟ್ಟುಕೊಳ್ಳಿ. ದೂರು ಎಲ್ಲಿ ಕೊಡುತ್ತೀರಿ? ಅದೇ ಠಾಣೆಯಲ್ಲಿ. ಅಲ್ಲಿ ತೆಗೆದುಕೊಳ್ಳದಿದ್ದರೆ ಡಿವೈಎಸ್ಪಿ ಕಚೇರಿ, ಅಲ್ಲೂ ಆಗದಿದ್ದರೆ ಎಸ್ಪಿ ಕಚೇರಿ. ಎಸ್ಪಿ ಸಾಹೇಬರು ಅರ್ಜಿಯ ಅಂಚಿನಲ್ಲಿ 'ವಿಚಾರಿಸಿ ವರದಿ ಸಲ್ಲಿಸಿ' ಎಂದು ಷರಾ ಬರೆದು ಕೆಳಗೆ ಕಳಿಸುತ್ತಾರೆ. ಅರ್ಜಿ ಒಂದೊಂದೇ ಮೆಟ್ಟಿಲು ಇಳಿದು ಬಂದು ಕೊನೆಗೆ ಕೂರುವುದು ಹೊಡೆದವರ ಪಕ್ಕದ ಮೇಜಿನ ಮೇಲೆ. ಇದರಲ್ಲಿ ಯಾರೂ ಕೆಟ್ಟವರಾಗಬೇಕಿಲ್ಲ. ವ್ಯವಸ್ಥೆಯ ದಾರಿಯೇ ಹಾಗಿದೆ, ಅರ್ಜಿ ಅದರಲ್ಲಿ ನಡೆದುಹೋಗುತ್ತದೆ.

ಈ ದಾರಿಯನ್ನೇ ಅಗೆದು ಬೇರೆ ದಾರಿ ಮಾಡಿದ ಒಂದು ನಾಡಿದೆ: ಉತ್ತರ ಐರ್ಲೆಂಡ್. ಜನಸಂಖ್ಯೆ ಸುಮಾರು 19 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಇದ್ದವರೂ ಹೆಚ್ಚುಕಡಿಮೆ ಇಷ್ಟೇ ಮಂದಿ. ಇಷ್ಟು ಚಿಕ್ಕ ನಾಡಿನ ಪೊಲೀಸ್ ಸುಧಾರಣೆಯನ್ನು ನಾವೇಕೆ ಗಮನಿಸಬೇಕು ಎಂದರೆ, ನಮ್ಮ ಠಾಣೆಗೂ ಅವರ ಠಾಣೆಗೂ ಹಳೆಯ ರಕ್ತಸಂಬಂಧವಿದೆ.

ಬ್ರಿಟಿಷರ ಬಳಿ ಎರಡು ಬಗೆಯ ಪೊಲೀಸ್ ಇತ್ತು. ಲಂಡನ್ನಿನಲ್ಲಿ 1829ರಲ್ಲಿ ರಾಬರ್ಟ್ ಪೀಲ್ ಕಟ್ಟಿದ್ದು ಬಂದೂಕಿಲ್ಲದ, ಬೀದಿಯಲ್ಲಿ ನಡೆದಾಡುವ ಪೊಲೀಸ್. ತಮ್ಮ ಜನರಿಗೆ ಅದು. ಆಳಿಸಿಕೊಳ್ಳುವ ಐರ್ಲೆಂಡಿಗೆ ಬೇರೆಯದೇ ಮಾದರಿ: ಕೈಯಲ್ಲಿ ಬಂದೂಕು, ವಾಸ ಬ್ಯಾರಕ್ಕಿನಲ್ಲಿ, ಹುಟ್ಟಿದೂರಿಗೆ ಪೋಸ್ಟಿಂಗ್ ಇಲ್ಲ, ನಿಷ್ಠೆ ಮೇಲಿನವರಿಗೆ. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಪೊಲೀಸ್ ಕಟ್ಟುವಾಗ ಆರಿಸಿಕೊಂಡದ್ದು ಲಂಡನ್ನಿನ ಮಾದರಿಯನ್ನಲ್ಲ, ಈ ಐರಿಷ್ ಮಾದರಿಯನ್ನು. 1861ರ ಭಾರತೀಯ ಪೊಲೀಸ್ ಕಾಯ್ದೆಯ ಮೇಲೂ ಅದರ ನೆರಳು ದಟ್ಟವಾಗಿ ಬಿತ್ತು. ನಮ್ಮ ಪೊಲೀಸ್ ಕ್ವಾರ್ಟರ್ಸ್, ಕವಾಯತು, ಮೇಲಿನವರನ್ನು ಕಂಡರೆ ಬೂಟು ಬಡಿಯುವ ಸೆಲ್ಯೂಟು ಎಲ್ಲವೂ ಆ ಕಡೆಯಿಂದ ಬಂದ ಬಳುವಳಿ. ಅತ್ತ ಐರ್ಲೆಂಡಿನಲ್ಲಿ ದೇಶ ಇಬ್ಭಾಗವಾದ ಮೇಲೆ, 1922ರಲ್ಲಿ, ಹಳೆಯ ಐರಿಷ್ ಪಡೆಯ ಜಾಗದಲ್ಲಿ ಉತ್ತರ ಭಾಗಕ್ಕೆ ರಾಯಲ್ ಅಲ್ಸ್ಟರ್ ಕಾನ್‌ಸ್ಟ್ಯಾಬ್ಯುಲರಿ ಬಂತು. ಸಂಕ್ಷೇಪದಲ್ಲಿ ಆರ್‌ಯುಸಿ.

ಆ ಆರ್‌ಯುಸಿಯನ್ನು 2001ರಲ್ಲಿ ಬಿಚ್ಚಿ ಮತ್ತೆ ಜೋಡಿಸಿದರು.

ಹತ್ತು ಸಾವಿರ ಜನರ ಮಾತು

ಆರ್‌ಯುಸಿಯ ರೋಗವೇನು ಎಂಬುದಕ್ಕೆ ಒಂದು ಲೆಕ್ಕ ಸಾಕು. 1990ರ ದಶಕದ ಕೊನೆಗೆ ಅಲ್ಲಿನ ಜನಸಂಖ್ಯೆಯಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಕ್ಯಾಥಲಿಕರು. ಪೊಲೀಸರಲ್ಲಿ ಕ್ಯಾಥಲಿಕರು ಸುಮಾರು ಶೇ 8. ಬ್ರಿಟನ್ ಜೊತೆ ಇರಬೇಕೆನ್ನುವ ಪ್ರಾಟೆಸ್ಟೆಂಟರಿಗೆ ಅದು 'ನಮ್ಮ ಪೊಲೀಸ್', ಐರ್ಲೆಂಡಿಗೆ ಸೇರಬೇಕೆನ್ನುವ ಕ್ಯಾಥಲಿಕರಿಗೆ ಅದು 'ಅವರ ಪೊಲೀಸ್'. ಮೂವತ್ತು ವರ್ಷಗಳ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತರು. ಅವರಲ್ಲಿ ಆರ್‌ಯುಸಿಯವರೇ ಸುಮಾರು 300 ಮಂದಿ. ಈ ಎರಡನೆಯ ಅಂಕಿಯನ್ನು ಮರೆತು ಸುಧಾರಣೆಯ ಕಥೆ ಹೇಳುವವರು ಅರ್ಧ ಕಥೆ ಹೇಳುತ್ತಾರೆ. ಗಂಡನನ್ನು, ಮಗನನ್ನು ಕಳೆದುಕೊಂಡ ಪೊಲೀಸ್ ಮನೆಗಳಿಗೆ 'ನಿಮ್ಮ ಪಡೆಯ ಹೆಸರನ್ನೇ ಬದಲಿಸುತ್ತೇವೆ' ಎಂಬ ಮಾತು ಅವಮಾನವಾಗಿ ಕೇಳಿಸಿತು.

1998ರ ಏಪ್ರಿಲ್ 10ರ ಶಾಂತಿ ಒಪ್ಪಂದ ಪೊಲೀಸ್ ವಿಷಯವನ್ನು ಬಗೆಹರಿಸಲಿಲ್ಲ, ಒಂದು ಆಯೋಗಕ್ಕೆ ಬಿಟ್ಟಿತು. ಅಧ್ಯಕ್ಷರು ಹಾಂಗ್‌ಕಾಂಗಿನ ಕೊನೆಯ ಬ್ರಿಟಿಷ್ ಗವರ್ನರ್ ಆಗಿದ್ದ ಕ್ರಿಸ್ ಪ್ಯಾಟನ್. ಆಯೋಗ ಕಚೇರಿಯಲ್ಲಿ ಕೂತು ವರದಿ ಬರೆಯಲಿಲ್ಲ. ಒಂದೊಂದು ಜಿಲ್ಲಾ ಕೌನ್ಸಿಲ್ ವ್ಯಾಪ್ತಿಗೂ ಹೋಗಿ ಬಹಿರಂಗ ಸಭೆ ನಡೆಸಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಬಂದರು, ಸಾವಿರಕ್ಕೂ ಹೆಚ್ಚು ಜನ ಎದ್ದು ನಿಂತು ಮಾತಾಡಿದರು. ಸತ್ತ ಪೊಲೀಸರ ಹೆಂಡಂದಿರೂ ಮಾತಾಡಿದರು, ಪೊಲೀಸರಿಂದ ಪೆಟ್ಟು ತಿಂದವರೂ ಮಾತಾಡಿದರು. 1999ರ ಸೆಪ್ಟೆಂಬರ್ 9ರಂದು ಬಂದ ವರದಿಯಲ್ಲಿ 175 ಶಿಫಾರಸುಗಳಿದ್ದವು. 2001ರ ನವೆಂಬರ್ 4ರಂದು ಆರ್‌ಯುಸಿ ಹೋಗಿ ಪೊಲೀಸ್ ಸರ್ವಿಸ್ ಆಫ್ ನಾರ್ದರ್ನ್ ಐರ್ಲೆಂಡ್, ಅಂದರೆ ಪಿಎಸ್‌ಎನ್‌ಐ ಬಂತು.

ಹೆಸರು, ಲಾಂಛನ, ಧ್ವಜಗಳ ಜಗಳ ಆಗ ಪತ್ರಿಕೆಗಳ ಮುಖಪುಟ ತುಂಬಿಸಿತ್ತು. ಹೊಸ ಲಾಂಛನದಲ್ಲಿ ಕಿರೀಟವೂ ಇದೆ, ಐರಿಷ್ ಹಾರ್ಪ್ ವಾದ್ಯವೂ ಇದೆ, ನ್ಯಾಯದ ತಕ್ಕಡಿಯೂ ಇದೆ. ಎಲ್ಲರಿಗೂ ಒಂದೊಂದು. ಅಷ್ಟು ಸಾಕು ಆ ವಿಷಯ. ನಿಜವಾದ ಕೆಲಸ ನಡೆದದ್ದು ಲಾಂಛನದಲ್ಲಲ್ಲ, ಅರ್ಜಿಯ ದಾರಿಯಲ್ಲಿ.

ದೂರು ಹೋಗುವ ಬೇರೆ ದಾರಿ

ಬೆಲ್‌ಫಾಸ್ಟ್ ನಗರದಲ್ಲಿ ಪೊಲೀಸ್ ಒಂಬುಡ್ಸ್‌ಮನ್ ಎಂಬ ಕಚೇರಿ 2000ದ ನವೆಂಬರ್‌ನಲ್ಲಿ ಬಾಗಿಲು ತೆರೆಯಿತು. ಕಾಯ್ದೆ 1998ರದ್ದು, ಅಂದರೆ ಪ್ಯಾಟನ್ ವರದಿಗೂ ಮುಂಚಿನದು. ಮಾರಿಸ್ ಹೇಯ್ಸ್ ಎಂಬ ಹಿರಿಯ ಅಧಿಕಾರಿ 1997ರಲ್ಲೇ ಇದರ ನಕ್ಷೆ ಬರೆದುಕೊಟ್ಟಿದ್ದರು. ಅದಕ್ಕೂ ಮೊದಲು ದೂರುಗಳನ್ನು ನೋಡುವ ಒಂದು ಆಯೋಗ ಇತ್ತು. ಆದರೆ ಅದು ಮೇಲ್ವಿಚಾರಣೆ ಮಾತ್ರ ಮಾಡುತ್ತಿತ್ತು, ತನಿಖೆ ಮಾಡುತ್ತಿದ್ದವರು ಪೊಲೀಸರೇ. ಅದನ್ನು ಯಾರೂ ನಂಬಲಿಲ್ಲ.

ನಮ್ಮವರಿಗೆ ಅರ್ಥವಾಗಲೆಂದು ಇದನ್ನು ಪೊಲೀಸರಿಗೆಂದೇ ಇರುವ ಲೋಕಾಯುಕ್ತ ಎನ್ನಬಹುದು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಮ್ಮ ಲೋಕಾಯುಕ್ತದ ಪೊಲೀಸ್ ವಿಭಾಗದಲ್ಲಿ ಇರುವವರು ರಾಜ್ಯ ಪೊಲೀಸ್ ಇಲಾಖೆಯಿಂದ ಎರವಲು ಸೇವೆಯ ಮೇಲೆ ಬಂದವರು, ಅವಧಿ ಮುಗಿದರೆ ಇಲಾಖೆಗೇ ಮರಳುವವರು. ಬೆಲ್‌ಫಾಸ್ಟಿನ ಒಂಬುಡ್ಸ್‌ಮನ್‌ಗೆ ತನ್ನದೇ ತನಿಖಾಧಿಕಾರಿಗಳಿದ್ದಾರೆ. ಅವರಿಗೆ ತನಿಖೆಯ ಮಟ್ಟಿಗೆ ಪೊಲೀಸರಿಗೆ ಇರುವ ಅಧಿಕಾರವೇ ಇದೆ: ಶೋಧಿಸಬಹುದು, ವಸ್ತು ಜಪ್ತಿ ಮಾಡಬಹುದು, ಪೊಲೀಸ್ ಅಧಿಕಾರಿಯನ್ನು ಬಂಧಿಸಬಹುದು. ಒಂಬುಡ್ಸ್‌ಮನ್ ಹುದ್ದೆ ಏಳು ವರ್ಷಕ್ಕೆ, ಒಂದೇ ಅವಧಿಗೆ. ಮರುನೇಮಕದ ಆಸೆಯಿಲ್ಲದವರು ಯಾರ ಮುಖ ನೋಡಿಯೂ ತೀರ್ಪು ಬರೆಯಬೇಕಿಲ್ಲ.

ದೂರು ಹೇಗೆ ಸಾಗುತ್ತದೆ ನೋಡಿ. ಫೋನು, ಪತ್ರ, ಆನ್‌ಲೈನ್ ಅರ್ಜಿ, ಖುದ್ದು ಭೇಟಿ, ಯಾವುದಾದರೂ ಸರಿ, ಶುಲ್ಕವಿಲ್ಲ. ಸಾಮಾನ್ಯವಾಗಿ ಘಟನೆ ನಡೆದು ಹನ್ನೆರಡು ತಿಂಗಳೊಳಗೆ ಕೊಡಬೇಕು. ಘೋರ ಪ್ರಕರಣಗಳಿಗೆ ಆ ಮಿತಿ ಸಡಿಲವಾಗುತ್ತದೆ. ಗೊತ್ತಿಲ್ಲದೆ ಠಾಣೆಯಲ್ಲೇ ದೂರು ಕೊಟ್ಟರೂ ಠಾಣೆ ಅದನ್ನು ಒಂಬುಡ್ಸ್‌ಮನ್‌ಗೆ ಕಳಿಸಬೇಕು. ಒರಟಾಗಿ ಮಾತಾಡಿದರು, ಫೋನ್ ಮಾಡಿದರೆ ಬರಲಿಲ್ಲ ಎಂಬಂಥ ಸಣ್ಣ ದೂರಾದರೆ, ದೂರುದಾರರು ಒಪ್ಪಿದರೆ ಮಾತ್ರ, ಕೂತು ಮಾತಾಡಿ ಮುಗಿಸುವ ದಾರಿಯಿದೆ. ಉಳಿದದ್ದಕ್ಕೆ ತನಿಖೆ. ಅಪರಾಧ ನಡೆದಿದೆ ಎಂದು ಕಂಡರೆ ಕಡತ ಸರ್ಕಾರಿ ಅಭಿಯೋಜಕರ ಕಚೇರಿಗೆ ಹೋಗುತ್ತದೆ. ಶಿಸ್ತು ಉಲ್ಲಂಘನೆ ಮಾತ್ರ ಎಂದಾದರೆ ಶಿಫಾರಸಿನೊಂದಿಗೆ ಇಲಾಖೆಗೆ. ಏನೂ ಸಾಬೀತಾಗದಿದ್ದರೆ, ಏಕೆ ಆಗಲಿಲ್ಲ ಎಂಬುದನ್ನು ದೂರುದಾರರಿಗೆ ತಿಳಿಸುತ್ತಾರೆ. ವರ್ಷಕ್ಕೆ ಸುಮಾರು ಮೂರು ಸಾವಿರ ದೂರು ಬರುತ್ತವೆ. ಹೆಚ್ಚಿನವು ಸಣ್ಣವೇ. ಬಹಳಷ್ಟು ದೂರುಗಳಲ್ಲಿ ಪೊಲೀಸರ ತಪ್ಪಿಲ್ಲವೆಂದೇ ತೀರ್ಮಾನವಾಗುತ್ತದೆ. ಹೊರಗಿನವರು 'ತಪ್ಪಿಲ್ಲ' ಎಂದರೆ ಅದಕ್ಕೆ ಬೆಲೆಯಿದೆ, ಸಹೋದ್ಯೋಗಿ ಅಂದರೆ ಇಲ್ಲ. ಹೀಗಾಗಿ ಈ ಕಚೇರಿ ಒಳ್ಳೆಯ ಪೊಲೀಸರಿಗೂ ಆಸರೆ.

ದೂರಿಗಾಗಿ ಕಾಯದ ಪ್ರಸಂಗಗಳೂ ಇವೆ. ಪೊಲೀಸರ ನಡೆಯಿಂದ ಯಾರಾದರೂ ಸತ್ತಿರಬಹುದು ಎಂಬ ಸಂದರ್ಭ ಬಂದರೆ ಚೀಫ್ ಕಾನ್‌ಸ್ಟೆಬಲ್ ಅದನ್ನು ತಾವಾಗಿಯೇ ಒಂಬುಡ್ಸ್‌ಮನ್‌ಗೆ ಒಪ್ಪಿಸಬೇಕು. (ಹೆಸರು ಕೇಳಿ ನಮ್ಮ ಹೆಡ್ ಕಾನ್‌ಸ್ಟೆಬಲ್ ನೆನಪಾಗಬಹುದು. ಅಲ್ಲಿ ಅದು ಇಡೀ ಪಡೆಯ ಮುಖ್ಯಸ್ಥರ ಹುದ್ದೆ, ನಮ್ಮ ಡಿಜಿಪಿ ಇದ್ದಂತೆ.) ಗುಂಡು ಹಾರಿಸಿದರೆ, ಗಲಭೆಯಲ್ಲಿ ಪ್ಲಾಸ್ಟಿಕ್ ಗುಂಡು ಹಾರಿಸಿದರೆ, ಆಗಲೂ ಒಪ್ಪಿಸಬೇಕು. ಒಂಬುಡ್ಸ್‌ಮನ್ ಕಚೇರಿಯವರು ಹಗಲು ರಾತ್ರಿ ಸಿದ್ಧರಿರುತ್ತಾರೆ, ಘಟನೆ ನಡೆದ ಸ್ಥಳಕ್ಕೇ ಹೋಗುತ್ತಾರೆ. ಇದರ ಮಹತ್ವವನ್ನು ವಕೀಲರು ತಟ್ಟನೆ ಹಿಡಿಯುತ್ತಾರೆ. ಸಾಕ್ಷ್ಯ ಉಳಿಯುವುದೋ ಅಳಿಯುವುದೋ ಮೊದಲ ಕೆಲವು ಗಂಟೆಗಳಲ್ಲೇ.

ಅಧಿಕಾರ ಕಾಗದದ ಮೇಲಿದ್ದರೆ ಸಾಲದು, ದೊಡ್ಡವರ ಮೇಲೆ ಪ್ರಯೋಗವಾಗಬೇಕು. ಮೊದಲ ಒಂಬುಡ್ಸ್‌ಮನ್ ನೂಲಾ ಓಲೋನ್ ಎಂಬ ಕಾನೂನು ಪ್ರಾಧ್ಯಾಪಕಿ. ಓಮಾ ಊರಿನಲ್ಲಿ 1998ರ ಆಗಸ್ಟ್ 15ರಂದು ಬಾಂಬ್ ಸಿಡಿದು 29 ಮಂದಿ ಸತ್ತಿದ್ದರು. ಹನ್ನೊಂದು ದಿನ ಮೊದಲೇ, ಆಗಸ್ಟ್ 4ರಂದು, ಆ ಊರಿನಲ್ಲಿ ದಾಳಿಯಾಗಲಿದೆ ಎಂದು ಹೆಸರು ಹೇಳದ ಫೋನ್ ಕರೆಯೊಂದು ಪೊಲೀಸರಿಗೆ ಬಂದಿತ್ತೆಂದೂ, ಬಾಂಬ್ ತನಿಖೆಯ ನಾಯಕತ್ವದಲ್ಲೇ ದೋಷವಿತ್ತೆಂದೂ ಅವರು 2001ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟರು. ಹೊಸ ಪಡೆಗೆ ಆಗಿನ್ನೂ ಆರು ವಾರ. ಚೀಫ್ ಕಾನ್‌ಸ್ಟೆಬಲ್ ರಾನೀ ಫ್ಲಾನಗನ್ ಕೆಂಡಾಮಂಡಲವಾದರು. ವರದಿ ಮಾತ್ರ ವಾಪಸಾಗಲಿಲ್ಲ.

ಎರಡನೆಯದು ಇನ್ನೂ ಕಠಿಣ. 1997ರಲ್ಲಿ ಮಗನನ್ನು ಕಳೆದುಕೊಂಡ ಬೆಲ್‌ಫಾಸ್ಟಿನ ತಂದೆಯೊಬ್ಬರು, ಕೊಂದವರಲ್ಲಿ ಪೊಲೀಸರ ಮಾಹಿತಿದಾರರಿದ್ದಾರೆ, ಅವರನ್ನು ಪೊಲೀಸರೇ ಕಾಯುತ್ತಿದ್ದಾರೆ ಎಂದು ದೂರು ಕೊಟ್ಟಿದ್ದರು. 2007ರ ಜನವರಿ 22ರಂದು ಹೊರಬಿದ್ದ ವರದಿ ಆ ತಂದೆಯ ಮಾತನ್ನು ಎತ್ತಿಹಿಡಿಯಿತು. ಪ್ರಾಟೆಸ್ಟೆಂಟ್ ಸಶಸ್ತ್ರ ಗುಂಪಿನೊಳಗಿದ್ದ ಮಾಹಿತಿದಾರರು ಹಲವು ಕೊಲೆಗಳಲ್ಲಿ ತೊಡಗಿದ್ದರೂ ಹಳೆಯ ಗುಪ್ತಚರ ವಿಭಾಗವಾದ ಸ್ಪೆಷಲ್ ಬ್ರಾಂಚಿನವರು ಅವರನ್ನು ರಕ್ಷಿಸಿದ್ದರು. ಆರು ದಿನ ಕಳೆದು, ಜನವರಿ 28ರಂದು, ಅಲ್ಲಿಯವರೆಗೂ ಪೊಲೀಸರನ್ನು ಒಪ್ಪದೇ ಇದ್ದ, ಐರ್ಲೆಂಡಿಗೆ ಸೇರಬೇಕೆನ್ನುವ ಶಿನ್ ಫೇನ್ ಪಕ್ಷ ವಿಶೇಷ ಅಧಿವೇಶನ ಕರೆದು ಪೊಲೀಸ್ ವ್ಯವಸ್ಥೆಗೆ ಬೆಂಬಲ ಕೊಡಲು ನಿರ್ಧರಿಸಿತು. ವರದಿಯಿಂದಲೇ ಹಾಗಾಯಿತು ಎಂದು ಹೇಳಲಾಗದು, ಅದರ ಹಿಂದೆ ತಿಂಗಳುಗಟ್ಟಲೆ ರಾಜಕೀಯ ಮಾತುಕತೆ ಇತ್ತು. ಆದರೆ ಪೊಲೀಸರ ಕರಾಳ ಮುಖ ಬಯಲಾದರೆ ಜನರ ವಿಶ್ವಾಸ ಕುಸಿಯುತ್ತದೆ ಎಂದು ಕಡತ ಮುಚ್ಚುವವರು ಈ ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಮಂಡಳಿಯ ಮುಂದೆ ಮುಖ್ಯಸ್ಥರು

ಒಂಬುಡ್ಸ್‌ಮನ್ ನೋಡುವುದು ಒಬ್ಬೊಬ್ಬ ಪೊಲೀಸರ ನಡತೆಯನ್ನು. ಇಡೀ ಪಡೆ ಎತ್ತ ಸಾಗುತ್ತಿದೆ ಎಂದು ಕೇಳಲು ಇನ್ನೊಂದು ಸಂಸ್ಥೆಯಿದೆ, ಪೊಲೀಸಿಂಗ್ ಬೋರ್ಡ್. ಸದಸ್ಯರು 19. ಹತ್ತು ಮಂದಿ ಶಾಸಕರು, ವಿಧಾನಸಭೆಯಲ್ಲಿ ಪಕ್ಷಗಳ ಬಲಕ್ಕೆ ತಕ್ಕಂತೆ. ಒಂಬತ್ತು ಮಂದಿ ಸ್ವತಂತ್ರರು, ಬಹಿರಂಗ ಪ್ರಕಟಣೆ ಕೊಟ್ಟು, ಅರ್ಜಿ ಕರೆದು ಆರಿಸಿದವರು. ಆಳುವ ಪಕ್ಷಕ್ಕೂ ಪೂರ್ತಿ ಹಿಡಿತ ಸಿಗದು, ಮಂತ್ರಿಯೊಬ್ಬರ ಮರ್ಜಿಯೂ ನಡೆಯದು. ಚೀಫ್ ಕಾನ್‌ಸ್ಟೆಬಲ್ ಮತ್ತು ಉನ್ನತ ಅಧಿಕಾರಿಗಳ ನೇಮಕ ಈ ಮಂಡಳಿಯದು. ವರ್ಷದ ಪೊಲೀಸಿಂಗ್ ಯೋಜನೆ, ಬಜೆಟ್ಟಿನ ಮೇಲುಸ್ತುವಾರಿ ಇದರದು. ನಿಯತವಾಗಿ ಬಹಿರಂಗ ಸಭೆ ನಡೆಯುತ್ತದೆ. ಚೀಫ್ ಕಾನ್‌ಸ್ಟೆಬಲ್ ಬಂದು ಕೂರುತ್ತಾರೆ, ಸದಸ್ಯರು ಪ್ರಶ್ನೆ ಕೇಳುತ್ತಾರೆ, ಪತ್ರಕರ್ತರು ಬರೆದುಕೊಳ್ಳುತ್ತಾರೆ.

ಇಲ್ಲಿ ನಮ್ಮವರು ಎತ್ತುವ ಪ್ರಶ್ನೆ ಗೊತ್ತೇ ಇದೆ: ಹತ್ತು ಜನ ರಾಜಕಾರಣಿಗಳನ್ನು ಕೂರಿಸಿದರೆ ಅದು ಹಸ್ತಕ್ಷೇಪವಲ್ಲವೇ? ವರ್ಗಾವಣೆಗೆ ಶಾಸಕರ ಪತ್ರ, ಆರೋಪಿಯನ್ನು ಬಿಡಿಸಲು ಫೋನ್ ಕರೆ ಇವನ್ನೇ ನೋಡಿ ಬೆಳೆದ ನಮಗೆ ಆ ಭಯ ಸಹಜ. ಪ್ಯಾಟನ್ ವರದಿ ಈ ಗಂಟನ್ನು ಬಿಡಿಸಿದ ರೀತಿ ನನಗೆ ಇಡೀ ವರದಿಯಲ್ಲೇ ಅತ್ಯಂತ ಜಾಣತನದ್ದೆಂದು ಅನ್ನಿಸುತ್ತದೆ. ಯಾರನ್ನು ಬಂಧಿಸಬೇಕು, ಎಲ್ಲಿಗೆ ಪಡೆ ಕಳಿಸಬೇಕು ಎಂಬ ತೀರ್ಮಾನ ಪೊಲೀಸ್ ಮುಖ್ಯಸ್ಥರದೇ. ಅದರಲ್ಲಿ ಮಂಡಳಿ ಮೂಗು ತೂರಿಸುವಂತಿಲ್ಲ. ಆದರೆ ತೀರ್ಮಾನ ನಿಮ್ಮದು ಎಂದ ಮಾತ್ರಕ್ಕೆ ನಿಮ್ಮನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂದಲ್ಲ. ತೀರ್ಮಾನ ಆದಮೇಲೆ, ಬಹಿರಂಗ ಸಭೆಯಲ್ಲಿ, ಏಕೆ ಹಾಗೆ ಮಾಡಿದಿರಿ ಎಂಬುದಕ್ಕೆ ಉತ್ತರ ಕೊಡಬೇಕು. ಮುಂಚೆ ಆಜ್ಞೆಯಿಲ್ಲ, ಆಮೇಲೆ ಪ್ರಶ್ನೆಯಿದೆ. ನಮ್ಮಲ್ಲಿ ಬಹುತೇಕ ತಿರುಗುಮುರುಗು. ಮುಂಚೆ ಗುಟ್ಟಾಗಿ ಆಜ್ಞೆ ಬರುತ್ತದೆ, ಆಮೇಲೆ ಕೇಳೋರಿರುವುದಿಲ್ಲ.

ವರದಿ ಕಾಯ್ದೆಯಾಗುವ ಹೊತ್ತಿಗೆ ಈ ಪ್ರಶ್ನಿಸುವ ಅಧಿಕಾರಕ್ಕೆ ಕತ್ತರಿ ಬಿತ್ತು. ಮಂಡಳಿ ತಾನಾಗಿ ವಿಚಾರಣೆಗೆ ಆದೇಶಿಸುವ ಅಧಿಕಾರಕ್ಕೆ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಕೆಲವು ಬೇಲಿಗಳನ್ನು ಹಾಕಿದರು. ಅದಕ್ಕೆ ಪ್ರತಿಯಾಗಿ ಮಂಡಳಿ ಇನ್ನೊಂದು ದಾರಿಯನ್ನು ಬಲಪಡಿಸಿಕೊಂಡಿತು. ಪೊಲೀಸರು ಮಾನವ ಹಕ್ಕುಗಳನ್ನು ಪಾಲಿಸುತ್ತಿದ್ದಾರೆಯೇ ಎಂದು ವರ್ಷ ವರ್ಷ ಅಳೆದು ವರದಿ ಪ್ರಕಟಿಸತೊಡಗಿತು. ಅದಕ್ಕೆ ಸಲಹೆಗಾರರಾಗಿ 2003ರಿಂದ 2008ರವರೆಗೆ ಕೆಲಸ ಮಾಡಿದವರಲ್ಲಿ ಒಬ್ಬರು ಕೀರ್ ಸ್ಟಾರ್ಮರ್, 2024ರಲ್ಲಿ ಬ್ರಿಟನ್ನಿನ ಪ್ರಧಾನಿಯಾದವರು. ಲಾಠಿ ಬೀಸಿದರೂ ಸರಿ, ಕಣ್ಣಿಗೆ ಸ್ಪ್ರೇ ಹೊಡೆದರೂ ಸರಿ, ಬಲಪ್ರಯೋಗವನ್ನು ದಾಖಲಿಸಬೇಕು. ಆ ಲೆಕ್ಕ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ.

ಲಾಕಪ್ಪಿಗೂ ಹೊರಗಿನವರ ಕಣ್ಣಿದೆ. ಸಾಮಾನ್ಯ ನಾಗರಿಕರನ್ನು ಸ್ವಯಂಸೇವಕರಾಗಿ ಆರಿಸಿ ತರಬೇತಿ ಕೊಡುತ್ತಾರೆ. ಅವರು ಜೋಡಿಯಾಗಿ, ಮುನ್ಸೂಚನೆ ಇಲ್ಲದೆ, ಯಾವ ಹೊತ್ತಿನಲ್ಲಾದರೂ ಬಂದು ಬಂಧಿತರನ್ನು ಮಾತಾಡಿಸಿ, ಊಟ, ಹಾಸಿಗೆ, ಔಷಧಿ ಸಿಕ್ಕಿದೆಯೇ ಎಂದು ಪರೀಕ್ಷಿಸಿ ಮಂಡಳಿಗೆ ವರದಿ ಕೊಡುತ್ತಾರೆ. ಸಂಬಳವಿಲ್ಲದ ಕೆಲಸ.

ಶಾಂತಿ ಸಭೆಗಿಂತ ಭಿನ್ನವಾದದ್ದು

ಗಣೇಶ ಚತುರ್ಥಿಗೂ ಬಕ್ರೀದಿಗೂ ಮುಂಚೆ ನಮ್ಮ ಠಾಣೆಗಳಲ್ಲಿ ಶಾಂತಿ ಸಭೆ ನಡೆಯುತ್ತದೆ. ಎರಡೂ ಕಡೆಯ ಮುಖಂಡರು ಬರುತ್ತಾರೆ, ಚಹಾ ಬಿಸ್ಕತ್ತು ಬರುತ್ತದೆ, ಮೆರವಣಿಗೆ ಯಾವ ದಾರಿಯಲ್ಲಿ, ಡಿಜೆ ಎಷ್ಟು ಗಂಟೆಯವರೆಗೆ ಎಂಬ ಮಾತಾಗುತ್ತದೆ. ಉಪಯೋಗವಿಲ್ಲದ ಸಭೆಯೇನಲ್ಲ, ಎಷ್ಟೋ ಊರುಗಳಲ್ಲಿ ಗಲಭೆ ತಪ್ಪಿರುವುದು ಇಂಥ ಸಭೆಗಳಿಂದಲೇ. ಆದರೆ ಯಾರನ್ನು ಕರೆಯಬೇಕೆಂದು ತೀರ್ಮಾನಿಸುವವರು ಇನ್ಸ್‌ಪೆಕ್ಟರ್. ಮಾತು ಹರಿಯುವುದು ಒಂದೇ ದಿಕ್ಕಿಗೆ: ಪೊಲೀಸರು ಜನರಿಗೆ ಏನು ಮಾಡಬೇಕೆಂದು ಹೇಳುತ್ತಾರೆ.

ಉತ್ತರ ಐರ್ಲೆಂಡಿನಲ್ಲಿ 2003ರಲ್ಲಿ ಆಗ ಇದ್ದ 26 ಕೌನ್ಸಿಲ್‌ಗಳಲ್ಲೂ ಜಿಲ್ಲಾ ಪೊಲೀಸಿಂಗ್ ಸಹಭಾಗಿತ್ವ ಸಮಿತಿಗಳನ್ನು ಮಾಡಿದರು. ಅರ್ಧಕ್ಕಿಂತ ಹೆಚ್ಚು ಮಂದಿ ಚುನಾಯಿತ ಕೌನ್ಸಿಲರುಗಳು, ಉಳಿದವರು ಅರ್ಜಿ ಹಾಕಿ ಆಯ್ಕೆಯಾದ ಸ್ಥಳೀಯರು. ಆ ಸ್ಥಳೀಯರನ್ನು ನೇಮಿಸುವುದು ಪೊಲೀಸರಲ್ಲ, ಪೊಲೀಸಿಂಗ್ ಬೋರ್ಡ್. ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ನಿಗದಿತ ಅವಧಿಗೊಮ್ಮೆ ಇವರ ಮುಂದೆ ಬಂದು, ಈ ಊರಿಗೆ ಏನು ಮಾಡುತ್ತೇವೆಂದು ಹೇಳಿದ್ದೆವು, ಏನು ಮಾಡಿದೆವು ಎಂದು ಲೆಕ್ಕ ಒಪ್ಪಿಸಬೇಕು. 2012ರಲ್ಲಿ ಇವನ್ನು ಅಪರಾಧ ತಡೆಯ ಇನ್ನೊಂದು ಬಗೆಯ ಸಮಿತಿಗಳ ಜೊತೆ ವಿಲೀನ ಮಾಡಿದರು. ಕೌನ್ಸಿಲ್‌ಗಳ ಸಂಖ್ಯೆ 2015ರಲ್ಲಿ 11ಕ್ಕೆ ಇಳಿದ ಮೇಲೆ ಈ ಸಮಿತಿಗಳೂ 11 ಆದವು. ಈಗ ಅಗ್ನಿಶಾಮಕ, ವಸತಿ, ಶಿಕ್ಷಣ ಇಲಾಖೆಗಳವರೂ ಸದಸ್ಯರು. ಬೀದಿದೀಪ ಇಲ್ಲದ ಗಲ್ಲಿಯಲ್ಲಿ ಸರಗಳ್ಳತನ ಹೆಚ್ಚಿದರೆ ತಪ್ಪು ಪೊಲೀಸರದೊಂದೇ ಅಲ್ಲವಲ್ಲ. ಆದರೆ ಪೊಲೀಸರನ್ನು ಪ್ರಶ್ನಿಸುವ ಉಪಸಮಿತಿಯಲ್ಲಿ ಚುನಾಯಿತರು ಮತ್ತು ಸ್ವತಂತ್ರರು ಮಾತ್ರ ಇರುತ್ತಾರೆ. ಇಲಾಖೆಗಳವರನ್ನು ಅಲ್ಲಿಂದ ಹೊರಗಿಟ್ಟಿದ್ದಾರೆ.

ಈ ಸಮಿತಿಗಳಿಗೆ ಹಲ್ಲು ಕಡಿಮೆ. ಸ್ಥಳೀಯ ತೆರಿಗೆಯಿಂದ ಸ್ವಲ್ಪ ಹಣ ಎತ್ತಿ ಹೆಚ್ಚುವರಿ ಸೇವೆ ಪಡೆಯುವ ಅಧಿಕಾರವನ್ನು ಕೌನ್ಸಿಲ್‌ಗಳಿಗೆ ಕೊಡಿ ಎಂದು ಪ್ಯಾಟನ್ ಹೇಳಿದ್ದರು. ಸಶಸ್ತ್ರ ಗುಂಪಿನವರೇ ಆ ಹಣದಲ್ಲಿ ಕಾವಲುಗಾರರಾಗಿ ಬಂದು ಕೂತರೆ ಏನು ಗತಿ ಎಂಬ ಭಯಕ್ಕೆ ಸರ್ಕಾರ ಅದನ್ನು ಕೈಬಿಟ್ಟಿತು. ಸದಸ್ಯರಾದವರಿಗೆ ಬೆದರಿಕೆಗಳೂ ಬಂದವು. ಬೋರ್ಡಿನ ಉಪಾಧ್ಯಕ್ಷರಾಗಿದ್ದ ಡೆನಿಸ್ ಬ್ರಾಡ್ಲಿ ಅವರಿಗೆ 2005ರಲ್ಲಿ ಡೆರಿ ನಗರದ ಬಾರೊಂದರಲ್ಲಿ ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದರು. ಸಹಭಾಗಿತ್ವ ಎಂಬುದು ಆ ದಿನಗಳಲ್ಲಿ ಧೈರ್ಯವಿದ್ದವರ ಕೆಲಸವಾಗಿತ್ತು.

ಪೊಲೀಸರೇ ಊರಿನವರಂತೆ ಕಾಣದಿದ್ದರೆ ಯಾವ ಸಮಿತಿಯೂ ಸಾಲದು. ಅದಕ್ಕೆ ಮಾಡಿದ ಉಪಾಯ 50:50. ಮೊದಲು ಪರೀಕ್ಷೆ ನಡೆಸಿ ಅರ್ಹರ ಒಂದು ಪಟ್ಟಿ ಮಾಡುವುದು. ಆ ಪಟ್ಟಿಯಿಂದ ಒಬ್ಬ ಕ್ಯಾಥಲಿಕ್, ಒಬ್ಬ ಕ್ಯಾಥಲಿಕ್ ಅಲ್ಲದವರು, ಹೀಗೆ ಸಮಸಮ ಆರಿಸುವುದು. ಜೊತೆಗೆ ಹಳಬರಿಗೆ ಉದಾರ ಪರಿಹಾರ ಕೊಟ್ಟು ಸ್ವಯಂ ನಿವೃತ್ತಿಗೆ ದಾರಿ ಮಾಡಿದರು. ಹತ್ತು ವರ್ಷದಲ್ಲಿ ಕ್ಯಾಥಲಿಕರ ಪಾಲು ಶೇ 8ರಿಂದ ಸುಮಾರು 30ಕ್ಕೆ ಏರಿತು. 2011ರ ಮಾರ್ಚಿನಲ್ಲಿ ಈ ನಿಯಮ ನಿಲ್ಲಿಸಿದರು. ಅಂದಿನಿಂದ ಪಾಲು ಮೂರನೇ ಒಂದರ ಆಸುಪಾಸಿನಲ್ಲೇ ನಿಂತಿದೆ, ಮೇಲೇರಲು ಒಲ್ಲೆನ್ನುತ್ತಿದೆ. ಮೀಸಲಾತಿ ನಿಂತ ಕೂಡಲೇ ಏಣಿ ಏಕೆ ನಿಂತಿತು ಎಂಬ ಚರ್ಚೆ ಅಲ್ಲಿ ಈಗಲೂ ಕಾವೇರಿದೆ.

ಆ ನಿಯಮ ನಿಂತ ಮುಂದಿನ ತಿಂಗಳು, ಏಪ್ರಿಲ್ 2ರಂದು, ಇಪ್ಪತ್ತೈದು ವರ್ಷದ ಕ್ಯಾಥಲಿಕ್ ಕಾನ್‌ಸ್ಟೆಬಲ್ ರೋನನ್ ಕೆರ್ ಓಮಾದಲ್ಲಿ ತನ್ನ ಕಾರಿನಡಿ ಇಟ್ಟಿದ್ದ ಬಾಂಬಿಗೆ ಬಲಿಯಾದರು. ಇಟ್ಟವರು ಶಾಂತಿ ಒಪ್ಪಂದ ಒಪ್ಪದ ಐರಿಷ್ ಬಂಡುಕೋರರು. ಕ್ಯಾಥಲಿಕರನ್ನು ಪೊಲೀಸ್ ಸೇರದಂತೆ ಹೆದರಿಸುವುದೇ ಅವರ ಗುರಿ. ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಪಿಎಸ್‌ಎನ್‌ಐ ಸಹೋದ್ಯೋಗಿಗಳೂ ಇದ್ದರು, ಐರಿಷ್ ದೇಸಿ ಕ್ರೀಡೆಗಳ ಸಂಸ್ಥೆ ಜಿಎಎಯ ಸ್ಥಳೀಯ ಕ್ಲಬ್ಬಿನವರೂ ಇದ್ದರು. 2001ರವರೆಗೆ ಅದೇ ಸಂಸ್ಥೆಯ ನಿಯಮದಲ್ಲಿ ಆರ್‌ಯುಸಿಯವರಿಗೆ ಸದಸ್ಯತ್ವವೇ ನಿಷಿದ್ಧವಾಗಿತ್ತು.

ಎಲ್ಲವೂ ಸರಿಹೋಯಿತೇ

ಇಲ್ಲ. 2011ರಲ್ಲಿ ನ್ಯಾಯವ್ಯವಸ್ಥೆಯ ತಪಾಸಣಾ ಸಂಸ್ಥೆಯೊಂದು ಒಂಬುಡ್ಸ್‌ಮನ್ ಕಚೇರಿಯದೇ ಸ್ವಾತಂತ್ರ್ಯ ಕುಗ್ಗಿದೆ ಎಂದು ವರದಿ ಕೊಟ್ಟಿತು. ಹಳೆಯ ಪ್ರಕರಣಗಳ ತನಿಖೆ ಕೆಲಕಾಲ ಸ್ಥಗಿತವಾಯಿತು, ಆಗಿನ ಒಂಬುಡ್ಸ್‌ಮನ್ ಅವಧಿ ಮುಗಿಯುವ ಮೊದಲೇ ಹುದ್ದೆ ಬಿಟ್ಟರು. ಕಾಯುವವರನ್ನು ಕಾಯಲು ಇನ್ನೊಬ್ಬರು ಇದ್ದದ್ದರಿಂದ ಅದು ಬಯಲಿಗೆ ಬಂತು. ಇನ್ನು 2024ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ನ್ಯಾಯಮಂಡಳಿಯೊಂದು, ಹಳೆಯ ಹತ್ಯಾಕಾಂಡವೊಂದರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ ಇಬ್ಬರು ಪತ್ರಕರ್ತರ ಮೇಲೆ ಪೊಲೀಸರು ಕಾನೂನುಬಾಹಿರವಾಗಿ ಗೂಢಚಾರಿಕೆ ನಡೆಸಿದ್ದರೆಂದು ತೀರ್ಪು ಕೊಟ್ಟಿತು. ಹೊಸ ಹೆಸರಿನ ಪಡೆ, ಹಳೆಯ ಚಾಳಿ.

2023 ಇನ್ನೂ ಕೆಟ್ಟ ವರ್ಷ. ಆ ಆಗಸ್ಟ್‌ನಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸುವಾಗ ಕಣ್ತಪ್ಪಿನಿಂದ ಸುಮಾರು 9,500 ಪೊಲೀಸರ ಮತ್ತು ಸಿಬ್ಬಂದಿಯ ಹೆಸರಿನ ವಿವರ, ಹುದ್ದೆ, ವಿಭಾಗ ಎಲ್ಲ ಅಂತರ್ಜಾಲಕ್ಕೆ ಹೋಯಿತು. ಕಾರಿನಡಿ ಬಾಂಬ್ ಇದೆಯೇ ಎಂದು ಬಗ್ಗಿ ನೋಡಿ ಹತ್ತುವ ಊರಿನಲ್ಲಿ ಇದು ಸಣ್ಣ ತಪ್ಪಲ್ಲ. ಅದೇ ತಿಂಗಳ ಕೊನೆಗೆ, ರಾಜಕೀಯ ಒತ್ತಡ ತಪ್ಪಿಸಿಕೊಳ್ಳಲು ಇಬ್ಬರು ಕಿರಿಯ ಅಧಿಕಾರಿಗಳ ಮೇಲೆ ಕ್ರಮ ಕೈಗೊಂಡದ್ದು ಕಾನೂನುಬಾಹಿರವೆಂದು ಹೈಕೋರ್ಟ್ ಹೇಳಿತು. ಮಂಡಳಿಯ ಮುಂದೆ ಗಂಟೆಗಟ್ಟಲೆ ಪ್ರಶ್ನೆಗಳನ್ನು ಎದುರಿಸಿದ ಚೀಫ್ ಕಾನ್‌ಸ್ಟೆಬಲ್ ಸೈಮನ್ ಬರ್ನ್ ಸೆಪ್ಟೆಂಬರ್ 4ರಂದು ರಾಜೀನಾಮೆ ಕೊಟ್ಟರು. ಅವರನ್ನು ಕೆಳಗಿಳಿಸಿದ ಒತ್ತಡ ಬಂದದ್ದು ಮಂತ್ರಿಯ ಫೋನಿನಿಂದಲ್ಲ, ಬಹಿರಂಗ ಪ್ರಶ್ನೆಗಳಿಂದ.

ನಮ್ಮ ಕಡೆಗೆ ಬಂದರೆ, ಇಂಥದ್ದೇ ಒಂದು ನಕ್ಷೆ ಇಲ್ಲಿಯೂ ಇದೆ. ಉತ್ತರ ಪ್ರದೇಶ ಮತ್ತು ಅಸ್ಸಾಂ ಡಿಜಿಪಿಯಾಗಿದ್ದ ಪ್ರಕಾಶ್ ಸಿಂಗ್ 1996ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಏಳು ನಿರ್ದೇಶನಗಳನ್ನು ಕೊಟ್ಟಿತು. ಅವುಗಳಲ್ಲಿ ಒಂದು, ರಾಜ್ಯಕ್ಕೊಂದು ಮತ್ತು ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ. ಡಿವೈಎಸ್ಪಿ ಮತ್ತು ಅದಕ್ಕಿಂತ ಕೆಳಗಿನವರ ಮೇಲಿನ ದೂರು ಜಿಲ್ಲಾ ಪ್ರಾಧಿಕಾರಕ್ಕೆ, ಎಸ್ಪಿ ಮತ್ತು ಅದಕ್ಕಿಂತ ಮೇಲಿನವರ ದೂರು ರಾಜ್ಯ ಪ್ರಾಧಿಕಾರಕ್ಕೆ. ರಾಜ್ಯದ್ದಕ್ಕೆ ನಿವೃತ್ತ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ, ಜಿಲ್ಲೆಯದ್ದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಬೇಕು, ಪ್ರಾಧಿಕಾರದ ಶಿಫಾರಸು ಇಲಾಖೆಯನ್ನು ಬದ್ಧಗೊಳಿಸಬೇಕು ಎಂದೂ ಕೋರ್ಟ್ ಹೇಳಿತು. ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಈ ಪ್ರಾಧಿಕಾರಗಳಿಗೆ ಜಾಗ ಮಾಡಿತು. ಆದರೂ ಪೊಲೀಸರ ವಿರುದ್ಧ ದೂರಿದ್ದಾಗ ಜನಕ್ಕೆ ಮೊದಲು ನೆನಪಾಗುವುದು ಎಸ್ಪಿ ಕಚೇರಿ, ಮಾನವ ಹಕ್ಕುಗಳ ಆಯೋಗ, ಇಲ್ಲವೇ ಟಿವಿ ಚಾನೆಲ್. ಪ್ರಾಧಿಕಾರ ಎಂಬುದೊಂದು ಇದೆ ಎಂಬ ಫಲಕವನ್ನು ಓದಿ ಠಾಣೆಯಿಂದ ಹೊರಬರುವವರು ಅಪರೂಪ.

ಆ ತೀರ್ಪಿನಲ್ಲಿ ಅಷ್ಟಾಗಿ ಚರ್ಚೆಯಾಗದ ಒಂದು ಮಾತಿದೆ. ಕ್ಷೇತ್ರ ವಿಚಾರಣೆಗೆ ಸಿಬ್ಬಂದಿ ಬೇಕಾದರೆ ಸಿಐಡಿ, ಗುಪ್ತಚರ, ಜಾಗೃತ ದಳ ಅಥವಾ ಬೇರೆ ಸಂಸ್ಥೆಗಳ ನಿವೃತ್ತ ತನಿಖಾಧಿಕಾರಿಗಳನ್ನು ಪ್ರಾಧಿಕಾರ ಬಳಸಿಕೊಳ್ಳಬಹುದು ಎಂದು ಕೋರ್ಟ್ ಹೇಳಿದೆ. ಬೆಲ್‌ಫಾಸ್ಟಿನ ಕಚೇರಿ ನಿಂತಿರುವುದೇ ಈ ಕಂಬದ ಮೇಲೆ, ಸ್ವಂತ ತನಿಖಾಧಿಕಾರಿಗಳ ಮೇಲೆ. ಪೊಲೀಸ್ ದೂರು ಪ್ರಾಧಿಕಾರಕ್ಕೆ ಅರ್ಜಿ ಬರೆಯುವವರು ಘಟನೆಯ ದಿನ, ಹೊತ್ತು, ಠಾಣೆ, ಸಾಕ್ಷಿಗಳ ವಿವರ, ಆಸ್ಪತ್ರೆಯ ಚೀಟಿ, ಠಾಣೆಯ ಸಿಸಿಟಿವಿ ದೃಶ್ಯ ಕಾದಿರಿಸುವಂತೆ ಕೋರಿಕೆ ಇವನ್ನೆಲ್ಲ ಸೇರಿಸುವುದರ ಜೊತೆಗೆ ಇನ್ನೊಂದು ಸಾಲು ಬರೆಯಬಹುದು: ಈ ದೂರಿನ ವಿಚಾರಣೆಯನ್ನು ಅದೇ ಠಾಣೆಗಾಗಲಿ ಅದೇ ಉಪವಿಭಾಗಕ್ಕಾಗಲಿ ಕಳಿಸದೆ, ಸುಪ್ರೀಂ ಕೋರ್ಟ್ ತೋರಿಸಿದ ದಾರಿಯಂತೆ, ಇಲಾಖೆಯ ಹೊರಗಿನವರಿಂದ ಮಾಡಿಸಬೇಕು. ಅರ್ಜಿಗೆ ಸ್ವೀಕೃತಿ ಪಡೆದು, ಒಂದು ಪ್ರತಿ ಇಟ್ಟುಕೊಳ್ಳಿ.